ಎರಡನೇ ಮಹಾಯುದ್ಧ ತಿರುಗಿದ್ದು ಯಾವಾಗ? ಮನೆಯಲ್ಲಿದ್ದವರಿಗೆ ಅದು ಗೊತ್ತಾಗಿತ್ತಾ?

ಸಮಾಜದ ಮೇಷ್ಟ್ರು

ಹತ್ತನೇ ತರಗತಿಗೆ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ರಷ್ಯಾದ ಸ್ಟಾಲಿನ್‌ಗ್ರಾಡ್ ಊರಿನ ಕಾಳಗ ಬಂತು. ‘ಇಲ್ಲಿಂದ ಯುದ್ಧ ತಿರುಗಿತು’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸಾರ್, ತಿರುಗಿತು ಅಂತ ಅಲ್ಲಿನ ಅಮ್ಮಂದಿರಿಗೆ ಗೊತ್ತಾಯ್ತಾ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಪಾಠ ಹೇಳುತ್ತಿದ್ದೇನೆ. ತಾರೀಖುಗಳೆಲ್ಲ ಬಾಯಿಗೆ ಬರುತ್ತವೆ. 1942ರ ಆಗಸ್ಟ್ 23ರಂದು ಆ ಊರಿನ ಮೇಲೆ ಭಾರಿ ಬಾಂಬ್ ದಾಳಿ ಆಯಿತು. ನವೆಂಬರ್ 19ರಿಂದ ಸೋವಿಯತ್ ಸೇನೆ ಎರಡೂ ಕಡೆಯಿಂದ ಸುತ್ತುವರಿಯಲು ಶುರು ಮಾಡಿತು. 1943ರ ಫೆಬ್ರವರಿ 2ರಂದು ಕೊನೆಯ ಜರ್ಮನ್ ತುಕಡಿ ಶರಣಾಯಿತು. ಸುಮಾರು 91,000 ಜನ ಸೆರೆಯಾದರು. ಅವರಲ್ಲಿ ಊರಿಗೆ ವಾಪಸ್ ಹೋದವರು ಐದಾರು ಸಾವಿರ ಅಷ್ಟೇ. ಇಷ್ಟೆಲ್ಲ ಹೇಳಿದ್ದೇನೆ. ಆದರೆ ಆ ಊರಿನಲ್ಲಿ ಮನೆ ಮಾಡಿಕೊಂಡಿದ್ದವರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲ ಬಾಂಬ್ ಬಿದ್ದಾಗ ಜನ ಇನ್ನೂ ಊರಿನಲ್ಲೇ ಇದ್ದರು. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಟಿ-34 ಟ್ಯಾಂಕ್ ತಯಾರಾಗುತ್ತಿತ್ತು. ಜರ್ಮನರು ವೋಲ್ಗಾ ದಂಡೆ ಮುಟ್ಟಿದ ಆ ದಿನ ಅವರಿಗೆ ಎದುರಾದದ್ದು ವಿಮಾನ ಹೊಡೆಯುವ ಫಿರಂಗಿ ಪಡೆ. ಅದರಲ್ಲಿ ಬಹಳ ಮಂದಿ ಆಗಷ್ಟೇ ಶಾಲೆ ಮುಗಿಸಿದ ಹುಡುಗಿಯರು. ವಿಮಾನಕ್ಕೆ ಇಟ್ಟಿದ್ದ ಫಿರಂಗಿಯನ್ನು ಬಗ್ಗಿಸಿ ಟ್ಯಾಂಕಿಗೆ ಹೊಡೆದರು. ನನ್ನ ತರಗತಿಯ ಹುಡುಗಿಯರಿಗಿಂತ ಅವರು ಎರಡು ಮೂರು ವರ್ಷ ದೊಡ್ಡವರು ಇರಬಹುದು.

ಗೆದ್ದ ಮೇಲೂ ಅಲ್ಲಿ ಮನೆ ಎಂಬುದೇ ಉಳಿದಿರಲಿಲ್ಲ. ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡ್ರಾ ಚೆರ್ಕಾಸೋವಾ ಎಂಬ ಹೆಂಗಸು 1943ರ ಬೇಸಿಗೆಯಲ್ಲಿ ಇನ್ನಷ್ಟು ಹೆಂಗಸರನ್ನು ಕಟ್ಟಿಕೊಂಡು, ಪಾವ್ಲೋವ್ ಮನೆ ಅಂತ ಹೆಸರಾದ ಆ ಕಟ್ಟಡದ ಇಟ್ಟಿಗೆ ಎತ್ತಿ ಜೋಡಿಸಲು ನಿಂತರು. ನಾಳೆ ಆ ಹುಡುಗಿಗೆ ಇದನ್ನು ಹೇಳುತ್ತೇನೆ.

ನಿಮ್ಮನ್ನು ಕೇಳುವುದು ಇಷ್ಟು. ಯುದ್ಧದ ತಿರುವುಗಳನ್ನು ಮನೆಯ ಕಡೆಯಿಂದ, ‘ಮನೆಯ ರಂಗ’ ಅನ್ನುತ್ತಾರಲ್ಲ ಅಲ್ಲಿಂದ, ನೋಡಿದರೆ ಹೇಗೆ ಕಾಣುತ್ತವೆ? ಓದಿದ್ದು, ಮನೆಯಲ್ಲಿ ಕೇಳಿದ್ದು, ಎರಡೂ ಬರೆಯಿರಿ.

ನಕ್ಷೆಪ್ರಿಯ

ಮೇಷ್ಟ್ರೇ, ಒಳ್ಳೇ ಪ್ರಶ್ನೆ. ಆದರೆ ಸ್ಟಾಲಿನ್‌ಗ್ರಾಡ್ ಎಂಬ ಉತ್ತರವನ್ನೇ ನಾನು ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಯುದ್ಧ ತಿರುಗಿದ್ದು 1941ರ ಡಿಸೆಂಬರ್ 5ಕ್ಕೆ, ಮಾಸ್ಕೋ ಎದುರಿಗೆ. ಹಿಟ್ಲರನ ಸೇನೆ ಅಲ್ಲಿಯವರೆಗೆ ಎಲ್ಲೂ ಆ ರೀತಿ ಹಿಂದೆ ಸರಿದಿರಲಿಲ್ಲ.

ಆ ತಿರುವು ಸಾಧ್ಯವಾದದ್ದರಲ್ಲಿ ರೈಲಿನ ಪಾತ್ರ ದೊಡ್ಡದು. 1941ರ ಜುಲೈಯಿಂದ ನವೆಂಬರ್ ಒಳಗೆ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ತುಂಬಿ, ಉರಲ್ ಬೆಟ್ಟದ ಕಡೆ ಮತ್ತು ಅದರಾಚೆಗೆ ಸಾಗಿಸಿದರು. ಹಾರ್ಕೋವ್‌ನ ಟ್ಯಾಂಕ್ ಕಾರ್ಖಾನೆ ನಿಜ್ನಿ ತಗೀಲ್‌ಗೆ ಹೋಯಿತು. ಚೆಲ್ಯಾಬಿನ್ಸ್ಕ್ ಊರಿಗೆ ‘ಟ್ಯಾಂಕೋಗ್ರಾಡ್’ ಅಂತಲೇ ಹೆಸರು ಬಿತ್ತು. ಕಾರ್ಖಾನೆ ಬರೀ ಯಂತ್ರವಲ್ಲ. ಅದರ ಜೊತೆ ಕೆಲಸದವರು, ಮಕ್ಕಳು, ಮುದುಕರು ಎಲ್ಲರೂ ಹೊರಟರು. ಗೋಡೆ ಏಳುವ ಮೊದಲೇ ಯಂತ್ರ ತಿರುಗಿಸಿದ ಕಡೆಗಳಿವೆ. ರಷ್ಯಾದ ಚಳಿಗಾಲದಲ್ಲಿ!

ಗಂಡಸರೆಲ್ಲ ಸೇನೆಗೆ ಹೋದ ಮೇಲೆ ಆ ಯಂತ್ರಗಳ ಮುಂದೆ ನಿಂತವರು ಯಾರು? ಹೆಂಗಸರು, ಹದಿನಾಲ್ಕು ಹದಿನೈದರ ಹುಡುಗರು. ಚಿತ್ರಗಳಲ್ಲಿ ನೋಡಿ, ಲೇತ್ ಎಟುಕದೆ ಪೆಟ್ಟಿಗೆ ಮೇಲೆ ನಿಂತ ಮಕ್ಕಳು ಕಾಣುತ್ತಾರೆ.

ಅಲೆಯಂಚು

ನೀವಿಬ್ಬರೂ ರಷ್ಯಾದಲ್ಲೇ ಇದ್ದೀರಿ. ಪೆಸಿಫಿಕ್ ಮರೆಯಬೇಡಿ. 1942ರ ಜೂನ್ 4, ಅಮೆರಿಕದ ಕೈಲಿದ್ದ ಮಿಡ್‌ವೇ ದ್ವೀಪ. ಒಂದೇ ದಿನದ ಹೊಡೆತಕ್ಕೆ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳು ಹೋದವು. ಅಕಾಗಿ, ಕಾಗಾ, ಸೋರ್ಯು, ಹಿರ್ಯು. ನಾಲ್ಕೂ ಆರು ತಿಂಗಳ ಹಿಂದೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದ ಹಡಗುಗಳು.

ಇದರಲ್ಲಿ ನನಗೆ ಬಹಳ ಇಷ್ಟವಾದ ಎರಡು ಸಂಗತಿ ಹೇಳುತ್ತೇನೆ. ಎರಡೂ ಗುಂಡು ಹಾರುವ ಮೊದಲೇ ನಡೆದವು.

ಒಂದು, ನೀರಿನ ಸುದ್ದಿ. ಜಪಾನಿನ ಗುಪ್ತ ಸಂದೇಶಗಳಲ್ಲಿ ‘ಎಎಫ್’ ಎಂಬ ಜಾಗದ ಮೇಲೆ ದಾಳಿ ಅಂತ ಬರುತ್ತಿತ್ತು. ಅದು ಮಿಡ್‌ವೇ ಹೌದೋ ಅಲ್ಲವೋ ಎಂದು ಅಮೆರಿಕದವರಿಗೆ ಖಚಿತವಾಗಬೇಕಿತ್ತು. ನಮ್ಮಲ್ಲಿ ಸಿಹಿನೀರಿನ ಯಂತ್ರ ಕೆಟ್ಟಿದೆ ಎಂದು ಬಿಚ್ಚುಮಾತಿನಲ್ಲಿ ರೇಡಿಯೋ ಸಂದೇಶ ಕಳಿಸಿ ಅಂತ ಮಿಡ್‌ವೇಗೆ ಹೇಳಿದರು. ಒಂದೆರಡು ದಿನದಲ್ಲೇ ಜಪಾನಿನ ಸಂದೇಶ ಸಿಕ್ಕಿತು: ಎಎಫ್‌ನಲ್ಲಿ ನೀರಿಗೆ ತೊಂದರೆ. ನೆಲಮಾಳಿಗೆಯಲ್ಲಿ ಕೂತು ಗುಪ್ತ ಸಂದೇಶ ಬಿಡಿಸುತ್ತಿದ್ದ ಕೆಲವು ಜನರ ತಲೆ ಕೆಲಸ ಮಾಡಿದ್ದು ಹೀಗೆ.

ಎರಡು, ಅಮೆರಿಕದ ವಿಮಾನವಾಹಕ ಹಡಗು ಯಾರ್ಕ್‌ಟೌನ್. ಕೋರಲ್ ಸಮುದ್ರದ ಕಾಳಗದಲ್ಲಿ ಪೆಟ್ಟು ತಿಂದು ಮೇ 27ರಂದು ಪರ್ಲ್ ಹಾರ್ಬರ್ ಸೇರಿತು. ರಿಪೇರಿಗೆ ತಿಂಗಳುಗಳೇ ಬೇಕು ಎನ್ನುವ ಸ್ಥಿತಿ. ಬಡಗಿ, ಬೆಸುಗೆಯವರು, ವೈರಿಂಗ್‌ನವರು ಹಗಲು ರಾತ್ರಿ ಹತ್ತಿ ಕೂತರು. ಮೇ 30ಕ್ಕೆ ಹಡಗು ಹೊರಟೇಬಿಟ್ಟಿತು! ಕೆಲವು ಕೆಲಸಗಾರರು ಹಡಗಿನಿಂದ ಇಳಿದದ್ದೇ ಅದು ಹೊರಡುವ ಹೊತ್ತಿಗೆ. ಜಪಾನಿನವರ ಲೆಕ್ಕದಲ್ಲಿ ಆ ಹಡಗು ಇರಲೇ ಇಲ್ಲ. ಯುದ್ಧ ಎಲ್ಲಿ ತಿರುಗಿತು ಎಂದು ಯಾರಾದರೂ ಕೇಳಿದರೆ ನಾನು ಆ ಮೂರು ದಿನದ ಹಡಗುಕಟ್ಟೆಯನ್ನೇ ತೋರಿಸುತ್ತೇನೆ.

ಲೆಸ್ಟರ್‌ನಿಂದ

ಹದಿನಾರು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿನವರಿಗೆ ತಿರುವು ಎಂದರೆ ಎಲ್ ಅಲಮೇನ್, 1942ರ ಅಕ್ಟೋಬರ್ ನವೆಂಬರ್. ಈಜಿಪ್ಟಿನ ಮರಳುಗಾಡಿನ ಆ ಕಾಳಗದಲ್ಲಿ ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ನೂ ಇತ್ತು.

ಮೇಷ್ಟ್ರು ಕೇಳಿದ ಪ್ರಶ್ನೆಗೆ ಇಲ್ಲಿ ಒಂದು ನೇರ ಉತ್ತರವೇ ಇದೆ. ಇಲ್ಲಿನ ಚರ್ಚುಗಳ ಗಂಟೆ 1940ರ ಜೂನ್‌ನಿಂದ ಬಾರಿಸಿರಲಿಲ್ಲ. ಶತ್ರು ಬಂದಿಳಿದರೆ ಮಾತ್ರ ಬಾರಿಸಬೇಕು ಎಂದು ಆಜ್ಞೆ. ಅಲಮೇನ್ ಗೆದ್ದ ಮೇಲೆ 1942ರ ನವೆಂಬರ್ 15, ಭಾನುವಾರ, ದೇಶದ ತುಂಬ ಗಂಟೆ ಬಾರಿಸಿದರು. ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಆಗ ಏಳು ವರ್ಷದವರು. ‘ಗಂಟೆ ಸದ್ದು ಕೇಳಿ ಅಮ್ಮ ಅತ್ತಿದ್ದು ನೋಡಿ ನನಗೆ ಹೆದರಿಕೆ ಆಯಿತು, ಜರ್ಮನರು ಬಂದರು ಅಂದುಕೊಂಡೆ’ ಎನ್ನುತ್ತಿದ್ದರು.

ಆದರೆ ಗಂಟೆ ಬಾರಿಸಿದ ಮಾರನೇ ದಿನ ಅಡುಗೆಮನೆಯಲ್ಲಿ ಏನೂ ಬದಲಾಗಲಿಲ್ಲ. 1940ರ ಜನವರಿಯಲ್ಲಿ ಶುರುವಾದ ರೇಷನ್. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್ ಟೀ ಪುಡಿ, ಅಂದರೆ 57 ಗ್ರಾಂ. ಬೆಣ್ಣೆಯೂ ಹೆಚ್ಚುಕಡಿಮೆ ಅಷ್ಟೇ. ಸಿಕ್ಕರೆ ಒಂದು ಮೊಟ್ಟೆ. 1941ರ ಜೂನ್‌ನಿಂದ ಬಟ್ಟೆಗೂ ಕೂಪನ್. ಅದೇ ಡಿಸೆಂಬರ್‌ನಲ್ಲಿ ಮದುವೆಯಾಗದ ಹೆಂಗಸರನ್ನೂ ಕಾನೂನು ಮಾಡಿ ಯುದ್ಧದ ಕೆಲಸಕ್ಕೆ ಕರೆದರು.

ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇದು. ಯುದ್ಧ ನಡೆಯುವಾಗ ಬ್ರಿಟನ್ನಿನಲ್ಲಿ ಬ್ರೆಡ್‌ಗೆ ರೇಷನ್ ಇರಲಿಲ್ಲ. ಬ್ರೆಡ್‌ಗೆ ರೇಷನ್ ಬಂದದ್ದು 1946ರ ಜುಲೈಯಲ್ಲಿ, ಗೆದ್ದು ಒಂದು ವರ್ಷದ ಮೇಲೆ! ಮಕ್ಕಳ ಮಿಠಾಯಿಯ ರೇಷನ್ ಹೋದದ್ದು 1953ರಲ್ಲಿ. ಎಲ್ಲ ಮುಗಿದದ್ದು 1954ರ ಜುಲೈ 4ಕ್ಕೆ. ಆ ಅಜ್ಜಿಗೆ ಆಗ ಹತ್ತೊಂಬತ್ತು. ಅವರು ಬೆಳೆದದ್ದೇ ಕೂಪನ್ ಪುಸ್ತಕದ ಜೊತೆ.

ತುಂಗೆಯ ಮಗಳು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ‘ಮನೆಯ ರಂಗ’ ಅಂತ ನೀವು ಹೇಳುವ ಮಾತು ಬ್ರಿಟನ್‌ಗೆ, ರಷ್ಯಾಕ್ಕೆ ಹೊಂದುತ್ತದೆ. ಅಲ್ಲಿ ಯುದ್ಧ ಅವರದು. ನಮ್ಮದು ಹಾಗಲ್ಲ ಅಲ್ವಾ? 1939ರ ಸೆಪ್ಟೆಂಬರ್‌ನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು.

ನಮ್ಮ ಶಿಕಾರಿಪುರ ಕಡೆಯ ಈಸೂರಿಗೆ ಬನ್ನಿ. 1942ರಲ್ಲಿ ಆ ಊರಿನವರು ಕಂದಾಯ ಕೊಡುವುದಿಲ್ಲ ಎಂದರು. ನಾವು ಸ್ವತಂತ್ರರು ಎಂದು ಸಾರಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ನಮ್ಮ ಕಡೆ ಈಗಲೂ ಮಕ್ಕಳ ಬಾಯಲ್ಲಿದೆ. ಊರಿಗೆ ಪೊಲೀಸರು ನುಗ್ಗಿದಾಗ ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೆ ಹಾಕಿದರು. ಮೇಷ್ಟ್ರೇ, ತಾರೀಖು ನೋಡಿ. ಸ್ಟಾಲಿನ್‌ಗ್ರಾಡ್ ಗೆದ್ದು ಒಂದು ತಿಂಗಳು. ಜಗತ್ತಿಗೆ ಒಳ್ಳೇ ಕಾಲ ಬಂತು ಅಂತ ಪುಸ್ತಕ ಹೇಳುವ ಹೊತ್ತಿಗೆ ಈಸೂರಿನ ಐದು ಮನೆಗಳಲ್ಲಿ ಹೆಣ ಬಂದೀತಾ ಎಂದು ಕಾಯುತ್ತಿದ್ದರು. ಇದನ್ನೂ ಆ ಹುಡುಗಿಗೆ ಹೇಳಿ.

ಸಮಾಜದ ಮೇಷ್ಟ್ರು

ಬೇಜಾರೇನೂ ಇಲ್ಲ ತಾಯಿ. ಖಂಡಿತ ಹೇಳುತ್ತೇನೆ. ಈಸೂರನ್ನು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಹೇಳುತ್ತೇನೆ, ಸ್ಟಾಲಿನ್‌ಗ್ರಾಡನ್ನು ಬೇರೆ ಪಾಠದಲ್ಲಿ. ಎರಡೂ ಒಂದೇ ಚಳಿಗಾಲದ್ದು ಎಂದು ಪಕ್ಕಪಕ್ಕ ಇಟ್ಟು ನೋಡಿಯೇ ಇರಲಿಲ್ಲ.

ಹೂಗ್ಲಿ ದಂಡೆ

ಕೋಲ್ಕತಾದಲ್ಲಿ ಕೆಲಸ. ಇಲ್ಲಿ ಕೂತು ಈ ಚರ್ಚೆ ಓದುವಾಗ ಒಂದು ತಾರೀಖು ಮಾತ್ರ ತಲೆಯಲ್ಲಿ ಸುತ್ತುತ್ತಿದೆ. 1942ರ ಮಾರ್ಚ್ 8. ಅವತ್ತು ರಂಗೂನ್ ಜಪಾನಿನ ಕೈಗೆ ಹೋಯಿತು. ಯುರೋಪಿನ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲು. ನಮ್ಮ ದೇಶದ ಒಲೆಗಳಿಗೆ ಮಾತ್ರ ಅದೇ ದೊಡ್ಡ ತಿರುವು.

ಬರ್ಮಾದಿಂದ ನಮಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಅಕ್ಕಿ ಬರುತ್ತಿತ್ತು. ಅದು ಪೂರ್ತಿ ನಿಂತಿತು. ಬರ್ಮಾದಲ್ಲಿದ್ದ ನಮ್ಮ ಜನ ಲಕ್ಷಗಟ್ಟಲೆ ಕಾಡು ಬೆಟ್ಟ ಹತ್ತಿ ಇಳಿದು ಅಸ್ಸಾಂ ಕಡೆ ನಡೆದು ಬಂದರು. ದಾರಿಯಲ್ಲಿ ಸತ್ತವರು ಸಾವಿರಾರು. ಜಪಾನಿನವರಿಗೆ ಸಿಗಬಾರದು ಅಂತ ಸರ್ಕಾರ ಬಂಗಾಳದ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಯುವ ದೋಣಿಗಳನ್ನೆಲ್ಲ ಕಿತ್ತುಕೊಂಡಿತು, ಇಲ್ಲವೇ ಒಡೆಯಿತು. ಕೆಲವು ಜಿಲ್ಲೆಗಳಿಂದ ಭತ್ತವನ್ನೂ ಎತ್ತಿತು. ನೀರೇ ರಸ್ತೆಯಾಗಿರುವ ನಾಡು ಇದು. ದೋಣಿ ಹೋದರೆ ಬೆಸ್ತರ ಊಟ ಹೋಯಿತು, ಭತ್ತ ಸಾಗಿಸುವ ದಾರಿ ಹೋಯಿತು. ಅಕ್ಟೋಬರ್ 16ಕ್ಕೆ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಸೇನೆಗೆ, ಕಲ್ಕತ್ತೆಯ ಕಾರ್ಖಾನೆಗಳ ಜನಕ್ಕೆ ಮೊದಲು ಅಕ್ಕಿ ಎಂದಾಯಿತು. ಬೆಲೆ ಏರುತ್ತಾ ಹೋಯಿತು. ಕೂಲಿ ಅಲ್ಲೇ ನಿಂತಿತು.

1943ರಲ್ಲಿ ಹಳ್ಳಿಯವರು ಕಲ್ಕತ್ತೆಗೆ ಬಂದು ಮನೆ ಬಾಗಿಲಲ್ಲಿ ಕೂಗುತ್ತಿದ್ದರು: ‘ಫ್ಯಾನ್ ದಾವ್, ಮಾ’. ಅನ್ನ ಕೇಳಲಿಲ್ಲ. ಅನ್ನ ಬಸಿದ ತಿಳಿಗಂಜಿ ಕೊಡಮ್ಮ ಎಂದು ಕೇಳಿದರು. ಸತ್ತವರು 20ರಿಂದ 30 ಲಕ್ಷ ಎನ್ನುತ್ತಾರೆ. ‘ಸ್ಟೇಟ್ಸ್‌ಮನ್’ ಪತ್ರಿಕೆ ಆ ಆಗಸ್ಟ್‌ನಲ್ಲಿ ಬೀದಿಯ ಹೆಣಗಳ ಚಿತ್ರ ಅಚ್ಚು ಹಾಕಿದ ಮೇಲೆ ಜಗತ್ತು ಈ ಕಡೆ ತಿರುಗಿ ನೋಡಿತು.

ಲೆಸ್ಟರ್‌ನವರು ಹೇಳಿದ 57 ಗ್ರಾಂ ಟೀ ಕಷ್ಟವೇ, ಇಲ್ಲ ಎನ್ನುವುದಿಲ್ಲ. ಆದರೆ ಕಾರ್ಡು ಕೈಯಲ್ಲಿದ್ದವರಿಗೆ ಅಷ್ಟಾದರೂ ಸಿಕ್ಕಿತು. ಬಂಗಾಳದ ಹಳ್ಳಿಯವನ ಕೈಗೆ ಕಾರ್ಡೇ ಬರಲಿಲ್ಲ. ರೇಷನ್ ಎಂದರೆ ಕೊರತೆ ಅಂತ ನಾವು ತಿಳಿದಿದ್ದೇವೆ. ರೇಷನ್ ಎಂದರೆ ‘ನಿನ್ನ ಪಾಲು ಇಷ್ಟು, ಇದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ’ ಎಂಬ ಮಾತು. ಬ್ರಿಟನ್ ತನ್ನ ಜನಕ್ಕೆ ಆ ಮಾತು ಕೊಟ್ಟಿತು, ನಮಗೆ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಲೆಸ್ಟರ್‌ನಿಂದ

ನೀವು ಹೇಳಿದ್ದು ಸರಿ. ಇಲ್ಲಿನ ಶಾಲೆಯಲ್ಲಿ ನನ್ನ ಮಗನಿಗೆ ರೇಷನ್ ಪುಸ್ತಕದ ನಕಲು ಮಾಡಿಸಿದರು, ತರಕಾರಿ ಬೆಳೆಸಿದರು. ಬಂಗಾಳದ ಸುದ್ದಿ ಅವನಿಗೆ ಹೇಳಿದವನು ನಾನು.

ಬೀಜಗಣ್ಣು

ಕೃಷಿ ಓದಿದವಳು ನಾನು. ಹಸಿವಿನ ಮಾತು ಬಂದಾಗ ಲೆನಿನ್‌ಗ್ರಾಡ್ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ರಷ್ಯಾದ ಆ ಊರಿಗೆ ಜರ್ಮನರು ಹಾಕಿದ್ದು 872 ದಿನದ ಮುತ್ತಿಗೆ. 1941ರ ನವೆಂಬರ್ ಡಿಸೆಂಬರ್‌ನಲ್ಲಿ ಮಕ್ಕಳಿಗೆ, ಮುದುಕರಿಗೆ ದಿನಕ್ಕೆ 125 ಗ್ರಾಂ ಬ್ರೆಡ್. ಅದೂ ಪೂರ್ತಿ ಹಿಟ್ಟಿನದಲ್ಲ, ಏನೇನೋ ಬೆರೆಸಿದ್ದು. ಕಾರ್ಮಿಕರಿಗೆ 250. ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲೆ ಲಾರಿ ಓಡಿಸಿ ಹಿಟ್ಟು ತಂದರು.

ಆ ಊರಿನಲ್ಲಿ ಸಸ್ಯವಿಜ್ಞಾನಿ ವಾವಿಲೋವ್ ಕಟ್ಟಿ ಬೆಳೆಸಿದ ಬೀಜ ಸಂಗ್ರಹ ಇತ್ತು. ಲೋಕದ ಎಲ್ಲ ಕಡೆಯಿಂದ ತಂದ ಗೋಧಿ, ಭತ್ತ, ಕಾಳು, ಆಲೂಗಡ್ಡೆ. ಟನ್‌ಗಟ್ಟಲೆ ತಿನ್ನುವ ಪದಾರ್ಥ. ಅದನ್ನು ಕಾಯುತ್ತಿದ್ದ ವಿಜ್ಞಾನಿಗಳು ಹಸಿವಿನಿಂದ ಸತ್ತರು, ಬೀಜ ಮುಟ್ಟಲಿಲ್ಲ. ಭತ್ತದ ತಜ್ಞ ದಿಮಿತ್ರಿ ಇವಾನೋವ್ ಸತ್ತಾಗ ಸುತ್ತ ಸಾವಿರಾರು ಪೊಟ್ಟಣ ಅಕ್ಕಿ ಇತ್ತು. ವಾವಿಲೋವ್ ಆಗ ಸ್ಟಾಲಿನ್‌ನ ಸೆರೆಮನೆಯಲ್ಲಿದ್ದರು. 1943ರ ಜನವರಿಯಲ್ಲಿ ಸರಾತೋವ್ ಜೈಲಿನಲ್ಲಿ ತೀರಿಕೊಂಡರು, ಸ್ಟಾಲಿನ್‌ಗ್ರಾಡ್ ಗೆಲುವಿಗೆ ಒಂದು ವಾರ ಮುಂಚೆ. ಬಿತ್ತನೆ ಬೀಜದ ಡಬ್ಬಿ ಮುಚ್ಚುವಾಗ ಎಷ್ಟೋ ಸಲ ನನಗೆ ಇವಾನೋವ್ ನೆನಪಾಗುತ್ತಾರೆ.

ಗೂಡುಮನೆ

ನಮ್ಮದು ಕೊಳ್ಳೇಗಾಲದ ಕಡೆ. ನಮ್ಮ ಮನೆಯಲ್ಲಿ ಯುದ್ಧ ಎಂದರೆ ಪ್ಯಾರಾಚೂಟ್. ಜಪಾನಿನ ರೇಷ್ಮೆ ನಿಂತ ಮೇಲೆ ಪ್ಯಾರಾಚೂಟಿಗೆ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ನನ್ನ ಅಜ್ಜಿಯ ತಾಯಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಕೈ. ಬೆರಳ ತುದಿ ಬಿಳಿಚಿ ಸುಲಿಯುತ್ತಿತ್ತಂತೆ. ‘ಆಕಾಶದಿಂದ ಇಳಿಯೋ ಸಿಪಾಯಿಗೆ ನಾವು ಹಗ್ಗ ಮಾಡಿಕೊಟ್ಟೆವು’ ಎನ್ನುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಆ ಮನೆಗೆ ಹಂಚು ಹೊದಿಸಿದ್ದೂ ಆ ದುಡ್ಡಿನಲ್ಲೇ. ಯುದ್ಧ ಮುಗಿದ ಕೂಡಲೇ ಬೇಡಿಕೆ ಬಿತ್ತು, ಬೆಲೆ ಬಿತ್ತು. ಎಲ್ಲರೂ ಶಾಂತಿ ಬಂತು ಎನ್ನುವಾಗ ನಮ್ಮ ಕಡೆ ಹಿಪ್ಪುನೇರಳೆ ತೋಟ ಕಿತ್ತವರಿದ್ದಾರೆ.

ಬೆಳ್ಳಂದೂರು ನಿವಾಸಿ

ನಾನು ಓಡಾಡುವ ಬೆಳ್ಳಂದೂರು ಕೆರೆಗೂ ಯುದ್ಧಕ್ಕೂ ಸಂಬಂಧ ಇದೆ ಅಂದರೆ ಸ್ನೇಹಿತರು ನಂಬುವುದಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಶುರು ಮಾಡಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಗೆ ಹೋಯಿತು. ಏಷ್ಯಾದ ಈ ಭಾಗದ ವಿಮಾನಗಳ ದೊಡ್ಡ ರಿಪೇರಿ ಕಟ್ಟೆ ಅದು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು. ನೊರೆ ಉಕ್ಕಿ ಸುದ್ದಿಯಾದ ಇದೇ ಕೆರೆ! ಬೆಂಗಳೂರಿನ ಸಾವಿರಾರು ಹುಡುಗರು ಅಲ್ಲಿ ಕೆಲಸ ಕಲಿತರು.

ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದೆ ಒಂದು ಉದ್ದದ ಒಲೆ ಕಟ್ಟಿ, ಕೈಯಲ್ಲಿ ತಿರುಗಿಸಿ ತಿರುಗಿಸಿ ಹೊತ್ತಿಸುವುದು. ದಿಬ್ಬ ಬಂದರೆ ಎಲ್ಲರೂ ಇಳಿದು ತಳ್ಳಬೇಕು ಎಂದು ತಾತ ಹೇಳುತ್ತಿದ್ದರು.

ಕಾಸು ಸಂಗ್ರಹ

ಯುದ್ಧ ಅತ್ಯಂತ ಚಿಕ್ಕದಾಗಿ ಕಾಣಬೇಕೆಂದರೆ ತೂತು ಕಾಸು ನೋಡಿ. ಹಳೇ ಕಾಲಾಣೆ, ಅಂದರೆ ಒಂದು ಪೈಸೆ, ಐದು ಗ್ರಾಂ ಹತ್ತಿರ ತೂಗುತ್ತಿತ್ತು. 1943ರಲ್ಲಿ ಬಂದ ಪೈಸೆ ಎರಡೇ ಗ್ರಾಂ, ನಡುವೆ ದೊಡ್ಡ ತೂತು. ತಾಮ್ರವೆಲ್ಲ ಯುದ್ಧಕ್ಕೆ ಬೇಕಿತ್ತು. ಬೆಳ್ಳಿ ರೂಪಾಯಿಯಲ್ಲೂ 1940ರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಒಂದು ರೂಪಾಯಿ ನೋಟು ಬಂತು. ಜನ ಹಳೇ ರೂಪಾಯಿ ಹೂತಿಟ್ಟರು. ಸೇನೆ ಎಲ್ಲಿದೆ ಎಂದು ಗೊತ್ತಿಲ್ಲದ ಹಳ್ಳಿಯ ಹೆಂಗಸಿಗೂ ಏನೋ ಕೆಟ್ಟಿದೆ ಅಂತ ಕೈಗೆ ಬಂದ ಕಾಸು ಹೇಳಿತು.

ಕೊಡಗಿನ ಮಗ

ಕೊಹಿಮಾ, ಇಂಫಾಲ್ ಹೆಸರು ಇನ್ನೂ ಯಾರೂ ಎತ್ತಿಲ್ಲ. 1944ರ ಮಾರ್ಚ್‌ನಿಂದ ಜುಲೈ. ಜಪಾನಿನ ಸುಮಾರು 85,000 ಜನ ಬಂದರು, ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗುಂಡಿನಷ್ಟೇ ಹಸಿವು, ಕಾಯಿಲೆಯಿಂದ ಸತ್ತರು. ಬರ್ಮಾ ಕಡೆಯ ನಿಜವಾದ ತಿರುವು ಅದು. ಎದುರು ಬದುರು ಎರಡೂ ಕಡೆ ನಮ್ಮವರೇ ಇದ್ದರು, ಆಜಾದ್ ಹಿಂದ್ ಫೌಜ್ ಆ ಕಡೆ. ನಾಗಾ, ಮಣಿಪುರಿ ಹಳ್ಳಿಗಳ ಮನೆ ಅಂಗಳವೇ ರಣರಂಗವಾಯಿತು. ಅವರಿಗೆ ಮನೆಯ ರಂಗ, ಯುದ್ಧದ ರಂಗ ಎಂಬ ಭೇದವೇ ಇರಲಿಲ್ಲ.

ತುಂಗೆಯ ಮಗಳು ಹೇಳಿದ್ದನ್ನು ಒಪ್ಪುತ್ತೇನೆ. ಜೊತೆಗೆ ಇದೂ ಇರಲಿ. 25 ಲಕ್ಷ ಜನ ಇದೇ ಸೇನೆಗೆ ಸೇರಿದರು. ಕೆಲವರು ಛಲಕ್ಕೆ, ಬಹಳ ಜನ ಮನಿಯಾರ್ಡರಿಗೆ. ನಮ್ಮ ತಿಮ್ಮಯ್ಯ 1945ರಲ್ಲಿ ಬರ್ಮಾದಲ್ಲಿ ಬ್ರಿಗೇಡ್ ನಡೆಸಿದರು. ನಮ್ಮ ಮನೆಯಲ್ಲಿ ಅವರ ಪಟ ಇದೆ, ಪಕ್ಕದಲ್ಲಿ ಗಾಂಧಿ ಪಟವೂ ಇದೆ. ಎರಡಕ್ಕೂ ಒಂದೇ ಮೊಳೆ ಸಾಲು, ಒಂದೇ ಹೂವು.

ತುಂಗೆಯ ಮಗಳು

ಸರಿ ಅಣ್ಣ. ಮನಿಯಾರ್ಡರಿಗೆ ಕಾಯುತ್ತಿದ್ದ ತಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಸಮಾಜದ ಮೇಷ್ಟ್ರು

ನಿಮ್ಮ ಮಾತುಗಳನ್ನು ಎರಡು ದಿನ ತರಗತಿಯಲ್ಲಿ ಓದಿ ಹೇಳಿದೆ. ಪರೀಕ್ಷೆಗೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ಬಂಗಾಳದ ತಿಳಿಗಂಜಿಯ ಹತ್ತಿರ ನನಗೇ ಗಂಟಲು ಕಟ್ಟಿತು, ಸ್ವಲ್ಪ ಹೊತ್ತು ನಿಲ್ಲಿಸಿದೆ.

ಇವತ್ತು ಬೆಳಿಗ್ಗೆ ಆ ಹುಡುಗಿ ಕರ್ಚೀಫಿನಲ್ಲಿ ಸುತ್ತಿ ಒಂದು ತೂತು ಕಾಸು ತಂದಿದ್ದಳು. ಅವಳ ಮುತ್ತಜ್ಜಿ ಮಗುವಾಗಿದ್ದಾಗ ಉಡಿದಾರಕ್ಕೆ ಕಟ್ಟಿದ್ದಂತೆ. 1943 ಎಂದು ಓದಲು ಬರುತ್ತದೆ. ವಿಜ್ಞಾನದ ಮೇಡಂ ತಕ್ಕಡಿಯಲ್ಲಿ ಇಟ್ಟರು. ಸವೆದು ಎರಡು ಗ್ರಾಂಗೂ ಸ್ವಲ್ಪ ಕಡಿಮೆ. ಕಪ್ಪು ದಾರದ ಒಂದು ಎಳೆ ಇನ್ನೂ ತೂತಿನಲ್ಲಿ ಸಿಕ್ಕಿಕೊಂಡಿದೆ. ನಲವತ್ತು ಮಕ್ಕಳ ಕೈಯಿಂದ ಕೈಗೆ ಹೋಗಿ ಬಂತು.

ಯಾರ ಮನೆಯಲ್ಲಾದರೂ ಆ ಕಾಲದ ಮೈಸೂರು ಸೀಮೆಯ ರೇಷನ್ ಕಾರ್ಡ್ ಉಳಿದಿದೆಯಾ? ಟ್ರಂಕಿನ ತಳದಲ್ಲಿ, ಹಳೇ ಪತ್ರಗಳ ನಡುವೆ ನೋಡಿ. ಚಿತ್ರ ತೆಗೆದು ಹಾಕಿದರೂ ಸಾಕು, ಮಕ್ಕಳಿಗೆ ತೋರಿಸುತ್ತೇನೆ.